ಪಟ್ಟಿಯ ನಾಲ್ಕನೆಯ ಸಾಲು

ಕೋಟಿನ ತೋಳಿನಿಂದ ಮೀನಿನ ವಾಸನೆ, ನಿನ್ನೆಯಿಡೀ ಗಾಳಿಗೆ ಹಾಕಿದ್ದರೂ ಹೋಗಿಲ್ಲ, ಎದುರಿಗೆ ಕೂತ ಕುಟುಂಬ ನ್ಯಾಯಾಲಯದ ಇಬ್ಬರು ಸಂಧಾನಕಾರರಿಗೂ ಅದು ಬಡಿಯುತ್ತಿರಬಹುದೇ ಎಂದು ಶಿಹೋ ಹೊಶಿ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸುತ್ತಾಳೆ, ಅವರಲ್ಲಿ ಹೆಂಗಸು ಮಾತ್ರ ಮೆಲ್ಲಗೆ ಹೇಳುತ್ತಲೇ ಇದ್ದಾಳೆ, ಸಂಕೋಚ ಬೇಡ ಹೊಶಿ ಅವರೇ, ಸಂಪಾದನೆ ಬಿದ್ದುಹೋದ್ರೆ ಮಗುವಿಗೆ ಕೊಡೋದನ್ನ ಕಡಿಮೆ ಮಾಡಿ ಅಂತ ಕೇಳೋಕೆ ಕಾನೂನೇ ದಾರಿ ಇಟ್ಟಿದೆ, ನಿಮ್ಮ ಸಂಬಳ ಏರಿದ್ರೆ ಅವರೂ ಬಂದು ಕೇಳಬಹುದು — ಶಿಯೊಗಾಮದಲ್ಲಿ ಮೀನು ಅರೆದು ಬಿಲ್ಲೆ ಮಾಡುವ ಕಾರ್ಖಾನೆ ವಾರಕ್ಕೆ ಐದು ದಿನದ ಕೆಲಸವನ್ನು ಮೂರಕ್ಕೆ ಇಳಿಸಿ ಏಳು ತಿಂಗಳಾಯಿತು, ತಿಂಗಳಿಗೆ ಕಳಿಸುವ ನಲವತ್ತು ಸಾವಿರ ಯೆನ್ ಇಪ್ಪತ್ತೈದಾಗಲಿ, ಅಷ್ಟೇ ಅರ್ಜಿ, ಅಷ್ಟೇಯೇ, ಹಾಗಾದರೆ ಆ ಕಡೆಯವರು ಮಗುವಿನ ಖರ್ಚಿನ ಪಟ್ಟಿ ಕೊಡಬೇಕಾಗುತ್ತೆ ಎಂದು ಗುಮಾಸ್ತ ಹೇಳಿದೊಡನೆ ಯಾಕೆ ಅಷ್ಟು ಬೇಗ ಸಹಿ ಹಾಕಿದಳು, ಅಪ್ಪನ ಬಳಿ ಇರುವ ಮಗಳು ಇಚಿಕಾಳನ್ನು ನೋಡದೆ ಎರಡು ವರ್ಷ, ಈಗ ಬರಲ್ಲ ಅಂತಾಳೆ, ಬಲವಂತ ಮಾಡೋಕಾಗಲ್ಲ ಎಂದು ಮಾಜಿ ಗಂಡ ಹಿರೊನೊರಿ ಬರೆದ ಕೊನೆಯ ಪತ್ರ, ಅವನೂ ಇದೇ ಕಟ್ಟಡದಲ್ಲಿದ್ದಾನೆ, ಮುಖ ಎದುರಾಗದಂತೆ ಬೇರೆ ಕೋಣೆಯಲ್ಲಿ, ಅವನ ಸರದಿ, ಇವಳ ಸರದಿ — ಮೇಜಿನ ಮೇಲೆ ಆ ಪಟ್ಟಿ, ಶಾಲೆಯ ಊಟ, ಆಟದ ಉಡುಪು ದೊಡ್ಡ ಅಳತೆ, ದೊಡ್ಡದು!, ಬ್ಯಾಂಡಿಗೆ ಟ್ರಂಪೆಟ್ ಬಾಡಿಗೆ, ನಾಲ್ಕನೆಯದು ಹಲ್ಲು ನೇರ ಮಾಡುವ ತಂತಿ, ಗಂಡಸು ಕನ್ನಡಕ ಸರಿಮಾಡಿಕೊಂಡು, ಇದರಲ್ಲಿ ಯಾವುದು ಬೇಡ ಅನ್ಸುತ್ತೆ, ಇಳಿಸಿದ್ರೆ ತಂತಿ ಚಿಕಿತ್ಸೆ ಅರ್ಧಕ್ಕೆ ನಿಲ್ಸಬೇಕಾಗುತ್ತೆ ಅಂತ ಬರೆದಿದ್ದಾರೆ, ನಿಜವೋ ಬೆದರಿಕೆಯೋ ನಮಗೆ ಗೊತ್ತಿಲ್ಲ. ಮೇಲಿನ ಹಲ್ಲಿಗಾ, ಕೆಳಗಿನದಕ್ಕಾ? ತಾನೇ ಕೇಳಿದ್ದೆಂದು ಶಿಹೋಗೆ ಆಮೇಲೆ ತಿಳಿಯಿತು. ಅದು ಲೆಕ್ಕಕ್ಕೆ ಬರೋದಿಲ್ಲವಲ್ಲಮ್ಮ. ಇರಲಿ ಬಿಡಿ ಸಾರ್, ಎಂದಳು ಹೆಂಗಸು, ಅವರ ಸರದೀಲಿ ಕೇಳಿದರಾಯ್ತು.

ಕಾಯುವ ಕೋಣೆಯಲ್ಲಿ ಪಕ್ಕದವಳು ಕಿತ್ತಳೆ ಸುಲಿಯುತ್ತ, ಮೊದಲನೇ ಸಲವಾ, ನಂದು ಐದನೇದು, ನನ್ನ ಗಂಡನಿಗಿಂತ ಈ ಕುರ್ಚಿಗೇ ನನ್ನ ಪರಿಚಯ ಜಾಸ್ತಿ, ತಗೋ, ಎಂದು ಒಂದು ತೊಳೆ ಕೊಡುತ್ತಾಳೆ, ಹುಳಿ, ಮೇಲಿನದೇ ಇರಬೇಕು, ಎಂಟು ವರ್ಷಕ್ಕೇ ಮುಂದಿನೆರಡು ಹಲ್ಲು ಒಂದರ ಮೇಲೊಂದು ಹತ್ತಿದ್ದವು, ಅಮ್ಮನ ಹಲ್ಲೇ ಬಂದಿದೆ ನೋಡು, ಅಯ್ಯೋ ಪಾಪ, ಎನ್ನುತ್ತಿದ್ದರು ಅತ್ತೆ, ಇಚಿಕಾ ಅದನ್ನು ಹೊಗಳಿಕೆ ಎಂದುಕೊಂಡು ಬಾಯಿ ತುಂಬ ನಗುತ್ತಿದ್ದಳು, ತಾಯಿಯಿಂದ ಅವಳಿಗೆ ಹೋದದ್ದು ಅದೊಂದೇ, ಅದನ್ನೇ ಈಗ ತಿಂಗಳು ತಿಂಗಳೂ ಎಳೆದು ನೇರ ಮಾಡುತ್ತಿದ್ದಾರೆ, ಮಾಡಲಿ, ಮಾಡಲೇಬೇಕು, ತಂತಿಯ ಮೇಲೆ ಟ್ರಂಪೆಟ್ ಒತ್ತಿದರೆ ತುಟಿ ಒಳಗೆ ಹರಿಯುವುದಿಲ್ಲವೇ, ಯಾರಾದರೂ ಅವಳನ್ನು ಕೇಳಿದ್ದಾರಾ — ಹೊಶಿ ಅವರೇ, ಬನ್ನಿ. ಮೇಲಿನದಕ್ಕಂತೆ, ಎಂದಳು ಹೆಂಗಸು, ಕೂರುವುದಕ್ಕೂ ಮುಂಚೆ, ಹಾಕಿಸಿದ ಮೇಲೆ ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಾಳಂತೆ, ಅಪ್ಪನ ಮುಂದೆ ಕೂಡ. ಕೈ. ಯಾವ ಕೈ ಎಂದು ಕೇಳಬಾರದು, ಅದು ಲೆಕ್ಕಕ್ಕೆ ಬರುವುದಿಲ್ಲ. ಈಗ ಮೊತ್ತದ ವಿಷಯ, ಎಂದ ಗಂಡಸು, ಶಿಹೋ ಕೇಳುತ್ತಿದ್ದಾಳೆ, ತಂತಿ ತೆಗೆಯೋವರೆಗೆ ನಲವತ್ತೇ ಇರ್ಲಿ, ಆಮೇಲೆ ಇಪ್ಪತ್ತೈದು, ಹಾಗೆ ಬರೆಯೋಕಾಗುತ್ತಾ? ಇಬ್ಬರೂ ಒಪ್ಪಿದ್ರೆ ಆಗುತ್ತೆ, ಆದ್ರೆ ಇನ್ನೂ ಎರಡು ವರ್ಷ ಇದೆಯಂತೆ, ಮೂರು ದಿನದ ಕೂಲೀಲಿ ಹೇಗಮ್ಮ? ಹೇಗೋ, ಮುರಿದ ಬಿಲ್ಲೆಗಳನ್ನು ಕಾರ್ಖಾನೆಯವರು ಪುಕ್ಕಟೆ ಕೊಡುತ್ತಾರೆ, ಕೋಣೆಯ ಹೀಟರನ್ನು ಹೊತ್ತಿಸದಿದ್ದರಾಯಿತು, ಎರಡು ವರ್ಷಕ್ಕೆ ಅವಳಿಗೆ ಹದಿನೈದು, ಎಲ್ಲೋ ಬ್ಯಾಂಡಿನ ಹುಡುಗಿಯರು ಗುಂಪಾಗಿ ನಿಂತಿದ್ದಾರೆ, ಯಾರೋ ಏನೋ ಅಂದರು, ಇಚಿಕಾಗೆ ನಗು ಬಂತು, ಕೈ ಮೇಲೇಳುತ್ತಿದೆ, ಬೆರಳುಗಳು ಈಗ ಎಷ್ಟುದ್ದವೆಂದು ಗೊತ್ತಿಲ್ಲದ ಕೈ, ಹೊಶಿ ಅವರೇ, ಹೊಶಿ ಅವರೇ ಎನ್ನುತ್ತಿದ್ದಾರೆ, ಆ ಕೈ, ಬಾಯಿಗೆ ಅಡ್ಡ ಬರುತ್ತಿದೆ.