ನಡುಪಟ್ಟಿ ಬಿಚ್ಚಿದ ಅಕ್ಷರ

ದೊಡ್ಡಪ್ಪ ತಾಶ್ತಾನ್ ಅತಾ ಅಂಗೈ ಬಿಡಿಸುವುದನ್ನು ಕಂಡು ಬುರುಲ್‌ಳ ಎದೆ ಧಸಕ್ಕೆಂದಿತು.

ಬಿಳಿಗಡ್ಡದವರು ಅಂಗೈ ಎತ್ತಿ ಬಾತಾ ಹರಸಿ, ಸುತ್ತಲಿದ್ದವರು "ಓಮಿಯಿನ್" ಎಂದು ಮುಖ ಸವರಿಕೊಂಡರೆ ತೀರಿತು, ವ್ಯಾಪಾರ ಕುದುರಿತೆಂದೇ ಅರ್ಥ. ರುಜು ಹಾಕಿದ ಕಾಗದವನ್ನಾದರೂ ಹರಿಯಬಹುದು. ಹರಸಿಕೊಂಡ ಬಾತಾದಿಂದ ಹಿಂದೆ ಸರಿದವರ ಅಂಗಡಿಗೆ ನಾರಿನ್ ಊರಲ್ಲಿ ನೊಣವೂ ಹಾಯುವುದಿಲ್ಲ. ಇಂಥ ದೊಡ್ಡ ಖರೀದಿಗೆ ದೊಡ್ಡಪ್ಪನನ್ನು ಬಿಷ್ಕೆಕ್‌ವರೆಗೆ ಕರೆತಂದದ್ದೂ ಅದಕ್ಕೇ. ಮುದ್ರಣ ಯಂತ್ರ ಮಾರುವ ಗೋದಾಮಿನ ಮೆದೆರ್‌ಗೂ ಇದು ಗೊತ್ತು. ಬುರುಲ್‌ಳನ್ನು ಅಕ್ಕನೆಂಬಂತೆ "ಎಜೆ", ಅವಳ ತಮ್ಮನನ್ನು ಅಣ್ಣನೆಂಬಂತೆ "ಬಾಯ್ಕೆ" ಎಂದು ಬಾಯ್ತುಂಬ ಕರೆಯುತ್ತಲೇ ಅವನು ಬಂದಾಗಿನಿಂದ ಮುದುಕನ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದ, ತಟ್ಟೆಗೆ ಬೋರ್ಸೋಕ್ ಸುರಿಯುತ್ತಿದ್ದ. ಕರಿದ ಹಿಟ್ಟಿನ ಆ ಉಂಡೆಗಳಿಗೆ ಮುದುಕ ಕರಗದೆ ಇರುತ್ತಾನೆಯೇ?

ಬುರುಲ್‌ಗೆ ಯೋಚಿಸಲು ಪುರುಸೊತ್ತಿರಲಿಲ್ಲ; ಯಂತ್ರವನ್ನು ಇನ್ನೂ ಓಡಿಸಿಯೇ ನೋಡಿರಲಿಲ್ಲ. ಬಾಯಿ ತಾನೇ ತೆರೆಯಿತು. ಹೊರಬಿದ್ದದ್ದು ನಾರಿನ್‌ನ ಮನೆಯಲ್ಲಿ ಕುಳಿತಿದ್ದ ದೊಡ್ಡಮ್ಮನ ದನಿ, ಅದೇ ಮೂಗು, ಅದೇ ಗದರು:

"ಏಯ್ ಮುದುಕಾ! ಕೈಯೆಲ್ಲ ಎಣ್ಣೆ ಜಿಡ್ಡು! ಒರೆಸ್ಕೊಂಡು ಹರಸು!"

ತಾಶ್ತಾನ್ ಅತಾ ಎರಡೂ ಕೈಗಳನ್ನು ಸರಕ್ಕನೆ ಬೆನ್ನ ಹಿಂದೆ ಅಡಗಿಸಿ ಬಾಗಿಲ ಕಡೆ ನೋಡಿದ. ಮೆದೆರ್ ಹೊಟ್ಟೆ ಹಿಡಿದು ನಕ್ಕ. ತಮ್ಮ ಇಲ್ಗಿಜ್ ನಗಲಿಲ್ಲ.

"ಎಜೆ, ಇದೇನು ತಮಾಷೆ ಮಾಡೋ ಹೊತ್ತಾ? ಎಂಥ ಯಂತ್ರ ನೋಡು! ಇದ್ರ ಅಗಲ ನೋಡು!"

"ನೋಡ್ದೆ. ಅಗಲ ಜಾಸ್ತಿ ಆದ್ರೆ ಅಗಲಿಕೆನೂ ಹತ್ರ ಕಣೋ."

ಅವಳಿಗೆ ನಗು ಬರುತ್ತಿರಲಿಲ್ಲ. ಅಪ್ಪ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಪುಟ್ಟ ಅಂಗಡಿ ಅವರದು. ಸ್ಟಿಕರ್ ಕತ್ತರಿಸುವ ಹಳೆಯ ಯಂತ್ರ ಹೊರಗೆ ಲಾರಿಯಲ್ಲಿತ್ತು. ಅದನ್ನು ಕೊಟ್ಟು, ಕೂಡಿಟ್ಟದ್ದನ್ನೆಲ್ಲ ಸುರಿದು, ಹಲಗೆಯ ಮೇಲೇ ನೇರ ಅಚ್ಚು ಹಾಕುವ ಒಂದು ಯುವಿ ಪ್ರಿಂಟರ್ ಒಯ್ಯಬೇಕು. ಇನ್ನೊಂದು ಆಯ್ಕೆಗೆ ಈ ಜನ್ಮದಲ್ಲಿ ಶಕ್ತಿಯಿಲ್ಲ. ಆಯ್ಕೆ ತಪ್ಪಿದರೆ ಅಂಗಡಿ ಬರೆಯುವ ಕೊನೆಯ ಬೋರ್ಡು ತನ್ನದೇ ಬಾಗಿಲಿಗೆ: "ಮುಚ್ಚಿದೆ."

ಮೆದೆರ್ ತೋರಿಸಿದ ಯಂತ್ರ ಗೋದಾಮಿನ ನಡುವೆ ಹಡಗಿನಂತೆ ಮಲಗಿತ್ತು. ಗೋಡೆಯ ತುಂಬ ಅದರ ಮಾದರಿಗಳು: ಹೊಳೆಯುವ ಸೇಬು, ಹುಲಿಯ ಕಣ್ಣು, ರಷ್ಯನ್ ಅಕ್ಷರಗಳ ಔಷಧಿ ಅಂಗಡಿ ಬೋರ್ಡು. ಎಲ್ಲವೂ ಬಿಳಿಯ ಹಲಗೆಯ ಮೇಲೆ. ಬುರುಲ್ ಜೇಬಿನಿಂದ ಪೆನ್‌ಡ್ರೈವ್ ತೆಗೆದಳು.

"ಇದ್ರಲ್ಲಿರೋದನ್ನ ಹಾಕು. ಕರಿ ಹಲಗೆ ಮೇಲೆ, ಬಿಳಿ ಶಾಯಿ."

ಮೆದೆರ್‌ನ ಚಹಾ ಪಾತ್ರೆ ಗಾಳಿಯಲ್ಲೇ ನಿಂತಿತು.

"ಬಿಳಿಯಾ? ಮಾದರಿಗಳು ಇಷ್ಟೊಂದು ಇವೆಯಲ್ಲ ಎಜೆ..."

"ನಿನ್ನ ಮಾದರಿ ನಿನ್ನ ಮದುವೆಗಿಟ್ಕೊ. ನಮ್ಮೂರಲ್ಲಿ ಹೊಸ ಮದುವೆ ಮಂಟಪದ ಕೆಲಸ ಒಪ್ಕೊಂಡಿದೀವಿ. ಮೇಜಿಗೊಂದು ಕರಿ ಫಲಕ, ಅದ್ರಲ್ಲಿ ಬಿಳಿ ಅಕ್ಷರದಲ್ಲಿ ಮಂಟಪದ ಹೆಸರು."

"ಎಜೆ, ಅವರನ್ನ ನಂಬೋದೇ ಇಲ್ವಾ?" ಇಲ್ಗಿಜ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಈ ಯಂತ್ರ ಕೈ ತಪ್ಪಿದ್ರೆ ನೀನೇ ಕುಂಚ ಹಿಡ್ಕೊಂಡು ಕೂತ್ಕೊ. ನಾನು ಟ್ಯಾಕ್ಸಿ ಓಡಿಸ್ತೀನಿ."

ಅವನ ಮಾತು ಅವಳಿಗೆ ಚುಚ್ಚಿತು. ಆದರೂ ಕೈ ಚಾಚಿಯೇ ಇತ್ತು. ಮೆದೆರ್ ಪೆನ್‌ಡ್ರೈವ್ ತೆಗೆದುಕೊಂಡ. ಬಿಳಿ ಶಾಯಿಯ ಬಾಟಲಿಯನ್ನು ಹೊರತೆಗೆದು, ಚರ್ಮದ ಚೀಲದಲ್ಲಿ ಕುದುರೆ ಹಾಲಿನ ಕುಮಿಸ್ ಕಡೆಯುವವನಂತೆ ಕುಲುಕತೊಡಗಿದ. ಕುಲುಕಿದ, ಬೆಳಕಿಗೆ ಹಿಡಿದ, ಮತ್ತೆ ಕುಲುಕಿದ.

ಇಷ್ಟು ಕುಲುಕಬೇಕಾದರೆ ಎಷ್ಟು ದಿನದಿಂದ ತಳ ಹಿಡಿದಿರಬೇಕು, ಎಂದುಕೊಂಡಳು ಬುರುಲ್.

ಯಂತ್ರ ಎಚ್ಚೆತ್ತಿತು. ಶಾಯಿಯ ತಲೆ ಹಲಗೆಯ ಮೇಲೆ ಅಡ್ಡಡ್ಡ ಓಡಿತು, ಬೆನ್ನಿಗೇ ನೇರಳೆ ದೀಪ ಅದನ್ನು ಅಲ್ಲೇ ಒಣಗಿಸುತ್ತ ಹೋಯಿತು. ಇಲ್ಗಿಜ್ ಅದರ ಮೇಲೇ ಕಣ್ಣಿಟ್ಟು ನಿಂತ. ತಾಶ್ತಾನ್ ಅತಾ ಮಾತ್ರ ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದ. ಹತ್ತನೆಯ ಬೆರಳಾದ ಮೇಲೆ ಏನು ಮಾಡುತ್ತಾನೆಂದು ಬುರುಲ್‌ಗೆ ಗೊತ್ತಿತ್ತು, ಮೆದೆರ್‌ಗೂ ಗೊತ್ತಿತ್ತು. ಅದಕ್ಕೇ ಅವನು ಯಂತ್ರವನ್ನು ಅತಿವೇಗಕ್ಕೆ ಹಾಕಿದ್ದ.

ಹಲಗೆ ಹೊರಬಂತು. ಮೆದೆರ್ ಅದನ್ನು ಎತ್ತಿ, ನೇರ ಮುದುಕನ ಮುಂದೆ ಹಿಡಿದ.

"ಹೇಗಿದೆ ಅತಾ? ಭಲೇ ಅನ್ನಿ, ಹರಸಿಬಿಡಿ!"

ಮುದುಕ ಹಲಗೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದ. ಒರೆಸಿದ ಅಂಗೈಗಳು ಮತ್ತೆ ತೆರೆದುಕೊಳ್ಳಲಾರಂಭಿಸಿದವು. ಬುರುಲ್ ಬಾಯಿ ತೆರೆದಳು; ಈ ಸಲ ಯಾರ ದನಿಯೂ ಬರಲಿಲ್ಲ, ಅವಳದೂ.

"ಬಲೆ," ಎಂದ ಮುದುಕ.

"ಭಲೇ! ಕೇಳಿದ್ರಾ ಬಾಯ್ಕೆ?"

"ಭಲೇ ಅಲ್ಲಪ್ಪಾ, ಬಲೆ. ಇಲ್ಲಿ 'ತೊರ್' ಅಂತ ಬರೆದಿದೆ. ತೊರ್ ಅಂದ್ರೆ ಬಲೆ ತಾನೆ? ಮದುವೆ ಮಂಟಪಕ್ಕೆ ಯಾರಾದ್ರೂ ಬಲೆ ಅಂತ ಹೆಸರಿಡ್ತಾರಾ? ನಿಜಾನೇ ಅನ್ಕೊ. ಆದ್ರೂ ಬರೆಸ್ತಾರಾ?"

ಇಲ್ಗಿಜ್ ಹಲಗೆಯನ್ನು ಕಿತ್ತುಕೊಂಡ. ಮಂಟಪದ ಹೆಸರು 'ತೋರ್'. ಬಾಗಿಲಿಗೆ ಎದುರಾಗಿ, ಮಾನ್ಯರನ್ನು ಕೂರಿಸುವ ಜಾಗ. ಬರೆಯುವಾಗ ಎರಡಕ್ಕೂ ಒಂದೇ ಗುಂಡು ಅಕ್ಷರ, 'ತೋರ್'ನ ಗುಂಡಿಗೆ ಮಾತ್ರ ಹೊಟ್ಟೆಗೆ ಅಡ್ಡಲಾಗಿ ತೆಳ್ಳನೆಯ ನಡುಪಟ್ಟಿ. ರಷ್ಯನ್ನರಲ್ಲಿ ಇಲ್ಲದ, ಕಿರ್ಗಿಜರು ಬಿಡಲಾಗದ ಪಟ್ಟಿ. ತಳ ಹಿಡಿದ ಬಿಳಿ ಶಾಯಿ ಆ ಯಂತ್ರದ ಕೆಲವು ಸಣ್ಣ ತೂತುಗಳನ್ನು ಮುಚ್ಚಿಬಿಟ್ಟಿತ್ತು. ಬೇರೆ ಅಕ್ಷರಗಳಲ್ಲಿ ಕೂದಲೆಳೆಯ ಬಿರುಕಷ್ಟೇ. ಅಡ್ಡ ಮಲಗಿದ್ದ ಆ ಪಟ್ಟಿ ಮಾತ್ರ ಪೂರ್ತಿ ಮಾಯ. ಹಲಗೆಯಲ್ಲಿದ್ದ ಸಾಲು ಸಾಲು ಫಲಕಗಳಲ್ಲಿ ಮುಚ್ಚಿದ ತೂತುಗಳ ನೇರಕ್ಕೆ ಬಂದ ಒಂದು ಸಾಲು ಪೂರ್ತಿ ನಡು ಸಡಿಲಿಸಿಕೊಂಡು ನಿಂತಿತ್ತು.

"ನಿಧಾನಕ್ಕೆ ಹಾಕಿದ್ರೆ ಬರುತ್ತೆ," ಎಂದ ಮೆದೆರ್. ದನಿಯಿಂದ "ಎಜೆ" ಉದುರಿಹೋಗಿತ್ತು.

"ಹಾಕು."

ಹಾಕಿದ. ಪಟ್ಟಿ ಬಂತು, ಹಸಿದವನ ಪಕ್ಕೆಲುಬಿನಂತೆ.

ಬುರುಲ್ ಗೋದಾಮಿನ ಮೂಲೆಗೆ ಬೆರಳು ತೋರಿದಳು. ಅಲ್ಲಿ ಅರ್ಧದಷ್ಟೇ ಅಗಲದ ಒಂದು ಯಂತ್ರ ಬೆಳಗಿನಿಂದ ಗುಯ್‌ಗುಟ್ಟುತ್ತಿತ್ತು. ಕೆಲಸವಿಲ್ಲದಾಗಲೂ ಬಿಳಿ ಶಾಯಿಯನ್ನು ಒಳಗೊಳಗೇ ಸುತ್ತಿಸುತ್ತ ಇತ್ತು.

"ನಿನ್ನ ಸ್ವಂತ ಕೆಲಸ ಯಾವುದ್ರಲ್ಲಿ ಮಾಡ್ತೀಯಾ ಮೆದೆರ್?"

ಅವನು ಪೆನ್‌ಡ್ರೈವ್ ಹಿಡಿದು ಮೂಲೆಗೆ ನಡೆದ. ಅದೇ ಹಲಗೆ, ಅದೇ ಅತಿವೇಗ. ಈ ಸಲ ಹಲಗೆಯನ್ನು ಬುರುಲ್ ತಾನೇ ಎತ್ತಿದಳು. ಒಂದೊಂದು ಗುಂಡಿನ ಹೊಟ್ಟೆಯ ಮೇಲೂ ಪಟ್ಟಿ ಬಿಗಿಯಾಗಿತ್ತು.

"ಇದಕ್ಕೆ ಅಗಲ ಸಾಲಲ್ಲ," ಎಂದ ಇಲ್ಗಿಜ್. ಮುಖ ಇನ್ನೂ ಆ ಹಡಗಿನ ಕಡೆಗೇ ಇತ್ತು. "ಮಂಟಪದ ಮುಂದಿನ ದೊಡ್ಡ ಬೋರ್ಡು?"

"ಎರಡು ತುಂಡು ಮಾಡಿ ಜೋಡಿಸೋಣ. ಜೋಡಿಸೋಕೆ ಬರುತ್ತೆ ನಂಗೆ. ಬರದೇ ಇರೋ ಪಟ್ಟಿನ ಎಲ್ಲಿಂದ ತರ್ಲಿ?"

ತಾಶ್ತಾನ್ ಅತಾ ಎದ್ದು ಸಣ್ಣ ಯಂತ್ರದ ಮುಂದೆ ನಿಂತ. ಅಂಗೈ ಎತ್ತಿ, ಒಮ್ಮೆ ಬುರುಲ್ ಕಡೆ ವಾರೆನೋಟ ಬೀರಿದ, "ನಿನ್ನ ದೊಡ್ಡಮ್ಮ ಏನಾದ್ರೂ ಹೇಳೋದಿದೆಯಾ?"

"ಏನೂ ಇಲ್ಲ ಅತಾ."

ಅವಳ ಅಂಗೈ ತೆರೆಯಿತು. ಮೆದೆರ್‌ನದೂ ತೆರೆಯಿತು, ವ್ಯಾಪಾರ ವ್ಯಾಪಾರವೇ. ಇಲ್ಗಿಜ್‌ನ ಕೈ ಮಾತ್ರ ಜೇಬಿನಲ್ಲಿತ್ತು. ಮುದುಕ ಕಾದ. ಬುರುಲ್ ತಮ್ಮನನ್ನು ನೋಡಲಿಲ್ಲ, ನೋಡಿದರೆ ಬೇಡಿದಂತಾಗುತ್ತದೆ.

ಯಂತ್ರ ಗುಯ್‌ಗುಟ್ಟುತ್ತಿತ್ತು. ಇಲ್ಗಿಜ್ ಕೈಯಲ್ಲಿದ್ದ ಬಲೆಯ ಹಲಗೆಯನ್ನು ಬೋರಲು ಹಾಕಿ, ಎರಡೂ ಅಂಗೈ ಬಿಡಿಸಿದ.

"ನಿಮ್ಮ ನಡು ಗಟ್ಟಿಯಾಗಿರಲಿ," ಎಂದ ಮುದುಕ, "ನಿಮ್ಮ ಅಕ್ಷರದ್ದೂ."

"ಓಮಿಯಿನ್," ಎಂದು ಇಲ್ಗಿಜ್ ಎಲ್ಲರಿಗಿಂತ ತಡವಾಗಿ ಮುಖ ಸವರಿಕೊಂಡ.