ಮುರಿದ ರೆಕ್ಕೆ

ಓಹಾಯೊದ ನಮ್ಮ ಶೆಡ್ಡಿನಲ್ಲಿ ನನ್ನ ಗಂಡ ಡ್ವೇನ್ ಐವತ್ತು ವರ್ಷದ ಹಳೇ ಬೈಕಿನ ಸೈಲೆನ್ಸರ್ ಪೈಪು ಬಿಚ್ಚಲು ಕೂತಿದ್ದ. ಪೈಪನ್ನು ಎಂಜಿನ್ನಿಗೆ ಬಿಗಿದಿದ್ದ ದಪ್ಪ ನಟ್ಟಿನ ಸುತ್ತ ಹೂವಿನ ದಳದಂಥ ರೆಕ್ಕೆಗಳು. ಅದಕ್ಕೆ ಮನೆಯ ಯಾವ ಸ್ಪ್ಯಾನರೂ ಕೂರಲಿಲ್ಲ. ತಾಳ್ಮೆಗೆಟ್ಟು ಉಳಿಯಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟ. ನಟ್ಟು ಅಲ್ಲಾಡಲಿಲ್ಲ, ರೆಕ್ಕೆಯೊಂದು ಟಣ್ಣೆಂದು ಹಾರಿತು.

"ಲಯಲ್‌ನ ಕರಿ ಅಂತ ಬೆಳಗ್ಗೆಯಿಂದ ಬಡ್ಕೋತಿದೀನಿ, ಕೇಳಿದ್ಯಾ?" ಎಂದು ರೇಗಿ ನಾನೇ ಫೋನು ಮಾಡಿದೆ.

ಹಳೇ ಬೈಕ್ ಕ್ಲಬ್ಬಿನ ಹಿರಿಯ ಲಯಲ್, ರೆಕ್ಕೆಗಳನ್ನೆಲ್ಲ ಒಟ್ಟಿಗೆ ಹಿಡಿಯುವ ಬಳೆಯಂಥ ಸ್ಪ್ಯಾನರ್ ತಂದ. ಎಂಜಿನ್ ಬಿಸಿಮಾಡಿ, ಅದನ್ನು ತೊಡಿಸಿ, ಉದ್ದನೆಯ ಹಿಡಿಯನ್ನು ಮೆಲ್ಲಗೆ ಒತ್ತಿದ. ನಟ್ಟು ಸಲೀಸಾಗಿ ತಿರುಗಿತು.

"ಇದಕ್ಕೆ ಇದೇ ಆಗ್ಬೇಕು ಕಣೋ. ಸುತ್ತಿಗೆ ಎತ್ತೋನು ಶುದ್ಧ ಕತ್ತೆ!" ಎಂದು ನೆಲದಿಂದ ಮುರಿದ ರೆಕ್ಕೆ ಹೆಕ್ಕಿ ಡ್ವೇನ್ ಕೈಗಿಟ್ಟ. "ಕ್ಲಬ್ಬಿನ ರೂಲು ಗೊತ್ತಲ್ಲ? ಮುರಿದೋನು ಇದನ್ನ ಕೀ ಗೊಂಚಲಿಗೆ ಹಾಕ್ಕೊಂಡು ಓಡಾಡ್ಬೇಕು."

ಡ್ವೇನನ ಮುಖ ಸಪ್ಪಗಾಯಿತು. ನಾನು ಬಿದ್ದು ಬಿದ್ದು ನಕ್ಕೆ.

"ಬರ್ತೀನಮ್ಮ ವರ್ನಾ," ಎಂದು ಲಯಲ್ ಜೇಬಿನಿಂದ ತನ್ನ ಗೊಂಚಲು ಎಳೆದ. ಗಲಗಲ ಸದ್ದಿಗೆ ತಿರುಗಿ ನೋಡಿದೆ. ಅದರಲ್ಲಿ ಕೀಗಳಿಗಿಂತ ರೆಕ್ಕೆಗಳೇ ಹೆಚ್ಚಿದ್ದವು.