ಸಿಟ್ಟೇ ಬಾರದ ಡ್ರೈವರ್

ಭೀಮರಾಜನನ್ನು ಹುಚ್ಚರ ಡಾಕ್ಟರ ಹತ್ತಿರ ಕಳಿಸುತ್ತಾರಂತೆ ಎಂಬ ಸುದ್ದಿ ಡಿಪೊದಿಂದ ಹೊರಟು ಕೊಟ್ಟೂರಿನ ಅವನ ಓಣಿಯನ್ನು ಅವನಿಗಿಂತ ಮೊದಲೇ ಮುಟ್ಟಿತ್ತು. ಸುದ್ದಿಗೇನು, ಅದಕ್ಕೆ ಟಿಕೆಟ್ಟೂ ಬೇಡ, ಸ್ಟಾಪೂ ಬೇಡ. ಅವನು ಮನೆಗೆ ಬರುವಷ್ಟರಲ್ಲಿ ಹೆಂಡತಿ ಮಂಜಮ್ಮ ಬಾಗಿಲಲ್ಲೇ ನಿಂತಿದ್ದಳು.

"ಹುಚ್ಚರ ಡಾಕ್ಟರ್ ಅಲ್ಲಲೇ," ಎಂದ ಭೀಮರಾಜ, ಚಪ್ಪಲಿ ಬಿಡುತ್ತಾ. "ಮನಸಿನ ಪರೀಕ್ಷಿ ಮಾಡೋ ಮೇಡಮ್ಮಾರು. ಹರಪನಹಳ್ಳ್ಯಾಗ ಅದಾರ. ಪಾಸಾದ್ರ ಸ್ಟೇರಿಂಗ್ ಕೊಡ್ತಾರ. ಫೇಲಾದ್ರ ಡಿಪೊದಾಗ ಬಸ್ ತೊಳಿಯೋ ಕಡಿ ಹಾಕ್ತಾರ."

"ಫೇಲಾಗಾಕ ನೀವೇನು ಸಣ್ಣ ಹುಡುಗ್ರಾ?" ಎಂದಳು ಮಂಜಮ್ಮ. ಬಾಯಿ ಧೈರ್ಯ ಹೇಳಿತೇ ಹೊರತು ಮುಖ ಸಪ್ಪಗಾಗಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಬ್ರೇಕು. ಕೂಡ್ಲಿಗಿಗೆ ಹೋಗುವ ದಾರಿ, ಮುಂದೆ ನರಪಿಳ್ಳೆಯೂ ಇಲ್ಲದ ನೇರ ರಸ್ತೆ. ಅಂಥಲ್ಲಿ ಭೀಮರಾಜ ಇದ್ದಕ್ಕಿದ್ದಂತೆ ಬ್ರೇಕಿನ ಮೇಲೆ ನಿಂತುಬಿಟ್ಟ. ಸೀಟು ಸಿಗದೆ ಕಂಬ ಹಿಡಿದು ನಿಂತಿದ್ದ ಹೊಸಹಳ್ಳಿಯ ಮುದುಕಿಯೊಬ್ಬಳು ಬಿದ್ದು ಕೈ ಮುರಿದುಕೊಂಡಳು. ದೂರು ಹೋಯಿತು. ನಾಯಿ ಅಡ್ಡ ಬಂತು ಎಂದ ಭೀಮರಾಜ. ಕಂಡಕ್ಟರ್ ಹುಲುಗಣ್ಣ ಹಿಂದೆ ಟಿಕೆಟ್ ಹರಿಯುತ್ತಿದ್ದ, ಅವನಿಗೆ ನಾಯಿ ಕಂಡಿರಲಿಲ್ಲ. ಮುಂದಿನ ಸೀಟಿನವರಿಗೂ ಕಂಡಿರಲಿಲ್ಲ.

ಅದಕ್ಕೂ ಕೆಲವು ತಿಂಗಳ ಹಿಂದೆ, ನೀಲಗುಂದದ ಕಡೆಯ ರಸ್ತೆಯಲ್ಲಿ ಒಬ್ಬ ಸತ್ತಿದ್ದ. ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರನ್ನು ದಾಟುವ ಅವಸರದಲ್ಲಿ ಬೈಕಿನವನೊಬ್ಬ ನೇರ ಇವನ ಬಸ್ಸಿಗೇ ಬಂದು ಬಡಿದ, ಅಲ್ಲೇ ಪ್ರಾಣ ಬಿಟ್ಟ. ತಪ್ಪು ಬೈಕಿನವನದೇ ಎಂದು ತನಿಖೆಯಲ್ಲಿ ತೀರ್ಮಾನವಾಯಿತು. ಭೀಮರಾಜ ಒಂದು ದಿನವೂ ಹೆಚ್ಚಿಗೆ ರಜೆ ಹಾಕದೆ ಡ್ಯೂಟಿಗೆ ಹಾಜರಾದ. ಎಂಥ ಗಟ್ಟಿ ಮನುಷ್ಯ ಎಂದು ಎಲ್ಲರೂ ಹೊಗಳಿದರು. ಈಗ ಡಿಪೊ ಮ್ಯಾನೇಜರು ಆ ಸಾವನ್ನೂ ಈ ಬ್ರೇಕನ್ನೂ ಕೂಡಿಸಿ ನೋಡಿ, ಪರೀಕ್ಷೆಯ ವರದಿ ಬರುವವರೆಗೆ ಬಸ್ಸು ಹತ್ತಬೇಡ ಎಂದಿದ್ದರು.

ಸ್ಟೇರಿಂಗ್ ಅಂದರೆ ಭೀಮರಾಜನಿಗೆ ಬರೀ ಹೊಟ್ಟೆಪಾಡಲ್ಲ. ಅವನ ಓಣಿಯಿಂದ ಸರ್ಕಾರಿ ಬಸ್ಸಿನ ಡ್ರೈವರ್ ಸೀಟಿಗೆ ಹತ್ತಿದ ಮೊದಲ ಮನುಷ್ಯ ಅವನು. ಅವನಪ್ಪ ಸುಂಕಪ್ಪ ಕಚೇರಿಯೊಂದರಲ್ಲಿ ಜವಾನನಾಗಿದ್ದವನು. ಮಗನಿಗೆ ನೌಕರಿಯಾದ ಹೊಸದರಲ್ಲಿ ಬಿಳಿ ಅಂಗಿ ತೊಟ್ಟು ಅವನ ಬಸ್ಸು ಹತ್ತಿ, ಹಡಗಲಿಯವರೆಗೆ ಸುಮ್ಮನೆ ಹೋಗಿ ಸುಮ್ಮನೆ ವಾಪಸ್ ಬಂದಿದ್ದ. ದಾರಿಯುದ್ದಕ್ಕೂ ಮಾತಿಲ್ಲ, ಮಗನ ಬೆನ್ನು ನೋಡುವುದೊಂದೇ ಕೆಲಸ. ಇಳಿಯುವಾಗ ಮಾತ್ರ ಹೇಳಿದ್ದ: "ಸಾಹೇಬ್ರ ಮುಂದ ನಿನ್ನ ಬಾಯಾಗ ತಪ್ಪು ಅನ್ನೋ ಮಾತು ಬರಬಾರದು ನೋಡಪಾ. ಬ್ಯಾರೇವ್ರು ತಪ್ಪು ಮಾಡಿದ್ರ ಅದು ಅವನೊಬ್ಬನ ತಪ್ಪು. ನಾವು ಮಾಡಿದ್ರ ಇಡೀ ಓಣಿ ತಪ್ಪು ಅಂತಾರ." ಅಪ್ಪ ತೀರಿಹೋದರೂ ಆ ಮಾತು ತೀರಿರಲಿಲ್ಲ. ಅಧಿಕಾರಿಗಳು ಏನು ಕೇಳಿದರೂ ಭೀಮರಾಜನದು ಒಂದೇ ಉತ್ತರ: ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ.

ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡೇ ಹರಪನಹಳ್ಳಿಗೆ ಹೋದ. ಮನಶ್ಶಾಸ್ತ್ರಜ್ಞೆ ದುರ್ಗಾದೇವಿ ಹಡಗಲಿ ಕಡೆಯ ಹೆಣ್ಣುಮಗಳು. ಮಾತು ಮೆತ್ತಗೆ, ಕಣ್ಣು ಬಲು ಚುರುಕು. ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬ ತಾಯಿ ಮಾತು ತಡವಾದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕಾಲೇಜು ಹುಡುಗಿ, ಮುಂದೆ ಏನು ಓದಿದರೆ ತನಗೆ ಒಗ್ಗುತ್ತದೆ ಎಂದು ತಿಳಿಯಲು ಬಂದವಳು. ಮರೆವು ಹತ್ತಿದ ಮುದುಕರೊಬ್ಬರು ತಾವು ಯಾಕೆ ಬಂದಿದ್ದೇವೆ ಎಂದು ಸೊಸೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಇವರೆಲ್ಲರಿಗೂ ಒಂದೇ ಪರೀಕ್ಷೆ ಹೇಗೆ ಕೊಡುತ್ತಾರಪ್ಪಾ ಎಂದು ಭೀಮರಾಜನಿಗೆ ದಿಗಿಲಾಯಿತು.

ಒಳಗೆ ಹೋದವನೇ ಅದನ್ನೇ ಕೇಳಿದ. ದುರ್ಗಾದೇವಿ ನಕ್ಕಳು. "ಒಂದ ಅಲ್ರಿ. ಬುದ್ಧಿ ಅಳೆಯೋದು ಬ್ಯಾರೆ, ನೆನಪು ನೋಡೋದು ಬ್ಯಾರೆ, ಯಾವ ಕೆಲಸ ಒಗ್ಗತೈತಿ ಅಂತ ನೋಡೋದು ಬ್ಯಾರೆ. ಸ್ವಭಾವ ತಿಳಿಯೋದು ಮತ್ತೊಂದು. ಯಾರಿಗೆ ಯಾತಕ್ಕ ಬೇಕೋ ಅದನ್ನ ಕೊಡೋದು. ನಿಮಗ ಕೈ, ಕಣ್ಣು, ಲಕ್ಷ್ಯ, ಆಮ್ಯಾಲ ಮನಸ್ಸು."

ಕೈ ಕಣ್ಣಿನ ಪರೀಕ್ಷೆಗಳಲ್ಲಿ ಭೀಮರಾಜ ಎಲ್ಲೂ ಎಡವಲಿಲ್ಲ. ಕೆಂಪು ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತಬೇಕು, ಒತ್ತಿದ. ಕಾಗದದ ತುಂಬ ಚೆಲ್ಲಾಡಿದ ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ಕೂಡಿಸಬೇಕು. ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಿರುಗಿಸಿದವನಿಗೆ ಇದೇನು ಮಹಾ, ಕೂಡಿಸಿದ. ಅವಳು ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸಿದ. ಕೊನೆಗೆ ಅವಳು ಒಂದು ಹಾಳೆ ಕೊಟ್ಟಳು. ಒಂದೊಂದು ವಾಕ್ಯದ ಮುಂದೆಯೂ 'ಹೌದು', 'ಅಲ್ಲ' ಎಂದಿತ್ತು, ತನಗೆ ಒಪ್ಪುವುದಕ್ಕೆ ಗುರುತು ಹಾಕಬೇಕು.

"ಇದರಾಗ ಪಾಸು ಫೇಲು ಇಲ್ರಿ. ಇದ್ದದ್ದು ಇದ್ದಂಗ ಹಾಕ್ರಿ," ಎಂದಳು.

ಪಾಸು ಫೇಲು ಇಲ್ಲದ ಪರೀಕ್ಷೆಯನ್ನು ಸರ್ಕಾರ ಯಾಕೆ ಮಾಡುತ್ತದೆ? ಭೀಮರಾಜ ನಂಬಲಿಲ್ಲ. 'ನಾನು ಎಂದೂ ಸುಳ್ಳು ಹೇಳಿಲ್ಲ.' ದಿನಾ ಬೆಳಿಗ್ಗೆ ಮೈ ತೊಳೆದು ಬುದ್ಧನ ಫೋಟೋದ ಮುಂದೆ ಗಂಡ ಹೆಂಡತಿ ಕೂತು ಪಂಚಶೀಲ ಹೇಳುವ ಮನೆ ಅವನದು. ಸುಳ್ಳಾಡುವುದಿಲ್ಲ ಎಂಬುದು ಅದರಲ್ಲೇ ಇದೆ. ದಿನಾ ಹಿಡಿಯುವ ವ್ರತವನ್ನು ನಾನೇ ಮುರಿದೆ ಎಂದು ಸರ್ಕಾರಿ ಹಾಳೆಯಲ್ಲಿ ಬರೆದುಕೊಡಲಿಕ್ಕೆ ಅವನಿಗೇನು ತಲೆ ಕೆಟ್ಟಿತ್ತೇ? ಹೌದು. 'ನನಗೆ ಎಂದೂ ಸಿಟ್ಟು ಬರುವುದಿಲ್ಲ.' ಹೌದು. 'ನಾನು ಯಾರ ಬೆನ್ನ ಹಿಂದೆಯೂ ಆಡಿಕೊಂಡಿಲ್ಲ.' ಹೌದು. 'ನನಗೆ ಕೆಟ್ಟ ಕನಸುಗಳು ಬೀಳುತ್ತವೆ.' ಪೆನ್ನು ಒಂದು ಗಳಿಗೆ ನಿಂತಿತು. ಅಲ್ಲ. 'ಕೆಲವೊಮ್ಮೆ ಕಾರಣವಿಲ್ಲದೆ ನನ್ನ ಕೈ ನಡುಗುತ್ತದೆ.' ಅಲ್ಲ. ಹಾಳೆ ತುಂಬಿಸಿ ಕೊಟ್ಟಾಗ ಅದರಲ್ಲಿದ್ದ ಮನುಷ್ಯನಿಗೆ ಬಸ್ಸೇನು, ಮಠವನ್ನೇ ಒಪ್ಪಿಸಬಹುದಿತ್ತು.

ಮುಂದಿನ ವಾರ ಕರೆ ಬಂತು. ಮನೆಯವರೊಬ್ಬರನ್ನು ಜೊತೆಗೆ ಕರಕೊಂಡು ಬರಬೇಕಂತೆ. ಪಾಸಾಗಿದ್ದೇನೆ, ಸಾಕ್ಷಿಗೆ ಸಹಿ ಬೇಕಿರಬೇಕು ಎಂದುಕೊಂಡ ಭೀಮರಾಜ. ಮಂಜಮ್ಮ ಹೊಸ ಸೀರೆ ಉಟ್ಟಳು.

ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ದುರ್ಗಾದೇವಿ ಮೊದಲು ಇವನೊಬ್ಬನನ್ನೇ ಕರೆದಳು. "ಕೈ, ಕಣ್ಣು ಭಾಳ ಚೊಲೋ ಅದಾವು. ಆದ್ರ ಈ ಹೌದು ಅಲ್ಲದ ಹಾಳಿ ಲೆಕ್ಕಕ್ಕ ಬರಂಗಿಲ್ರಿ."

"ಯಾಕ್ರೀ? ಎಲ್ಲಾ ತುಂಬೀನಲ್ಲ."

"ಭಾಳ ತುಂಬೀರಿ. ಇದರ ಪ್ರಕಾರ ನೀವು ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿಲ್ಲ, ಒಂದು ಸಲ ಸಿಟ್ಟಿಗೆದ್ದಿಲ್ಲ. ಅಂಥಾ ಮನುಷ್ಯಾರು ಇರಂಗಿಲ್ರಿ. ನಾನ ದಿನಕ್ಕೊಂದು ಸುಳ್ಳು ಹೇಳ್ತೀನಿ. ತಮ್ಮನ್ನ ತಾವು ಛಂದ ಮಾಡಿ ತೋರಸಾಕತ್ಯಾರೇನು ಅಂತ ನೋಡಾಕಂತನ ಆ ಪ್ರಶ್ನಿ ನಡುನಡುವ ಹಾಕಿರ್ತಾರ."

ಭೀಮರಾಜನಿಗೆ ಇಡೀ ಓಣಿಯೇ ಆ ಕೋಣೆಗೆ ಬಂದು ತನ್ನ ಹಿಂದೆ ನಿಂತು ತಲೆ ತಗ್ಗಿಸಿದಂತೆ ಅನಿಸಿತು. "ಅಂದ್ರ ನಾನು ಸುಳ್ಳ ಅಂತೀರೇನ್ರೀ? ಇಷ್ಟು ವರ್ಷ ಬಸ್ ಹೊಡದೀನಿ, ಒಬ್ಬ ಸಾಹೇಬ ನನಗ ಸುಳ್ಳ ಅಂದಿಲ್ಲ! ಸಿಟ್ಟು ಬರಂಗಿಲ್ಲ ಅಂದ್ರ ಬರಂಗಿಲ್ಲ!" ಎಂದು ಮೇಜಿಗೆ ಗುದ್ದಿದ. ಪೆನ್ನಿನ ಡಬ್ಬಿ ಉರುಳಿ ಪೆನ್ನುಗಳೆಲ್ಲ ನೆಲದ ಪಾಲಾದವು.

ದುರ್ಗಾದೇವಿ ಬಗ್ಗಿ ಪೆನ್ನು ಆರಿಸತೊಡಗಿದಳು. ಅವನೂ ನಾಚಿಕೆಯಿಂದ ಬಗ್ಗಿದ. ಇಬ್ಬರೂ ಮೇಜಿನ ಕೆಳಗಿದ್ದಾಗಲೇ ಅವಳು ಹೇಳಿದಳು: "ಇದು ನೋಡ್ರಿ, ನೀವು ಕೊಟ್ಟ ಮೊದಲನೇ ಖರೇ ಉತ್ತರ. ಇದಕ್ಕ ನಾ ಬೈಯಂಗಿಲ್ಲ." ಭೀಮರಾಜ ಕೈಗೆ ಸಿಕ್ಕ ಪೆನ್ನುಗಳನ್ನು ಡಬ್ಬಿಗೆ ತುಂಬಿದ.

ಆಮೇಲೆ ಮಂಜಮ್ಮನನ್ನು ಒಳಗೆ ಕರೆಸಿದಳು. ಹೀಗೆ ಮನೆಯವರನ್ನು ಕೇಳುವುದೂ ಪರೀಕ್ಷೆಯದೇ ಒಂದು ಭಾಗ ಎಂದು ಇಬ್ಬರಿಗೂ ತಿಳಿಸಿ ಹೇಳಿದಳು. ಮಂಜಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಗೋಡೆಯಾಚೆಯಿಂದ ಗಂಡನ ಕೂಗು ಅವಳಿಗೆ ಕೇಳಿಸಿತ್ತು; ಅವನ ಕೈಯಿಂದ ಸ್ಟೇರಿಂಗ್ ಜಾರುತ್ತಿದೆ ಎಂಬುದು ಅರ್ಥವಾಗಿತ್ತು.

"ಮನ್ಯಾಗ ಹೆಂಗಿರ್ತಾರ್ರಿ ಇವರು?"

"ದೇವರಂಥವರ್ರಿ."

"ನಿದ್ದಿ?"

"ಹಾಸಿಗ್ಯಾಗ ಬಿದ್ರ ಸಾಕ್ರಿ, ಮುಂಜಾನಿತನ ಎಚ್ಚರಿಲ್ಲ."

"ಕೂಡ್ಲಿಗಿ ದಾರ್ಯಾಗ ಬ್ರೇಕ್ ಹಾಕಿದ ದಿನ ಏನಾತು ಅಂತ ಹೇಳಿದ್ರಾ?"

"ಹೇಳೋದೇನ್ರಿ?" ಮಂಜಮ್ಮ ನೆಟ್ಟಗೆ ಕೂತಳು. "ನಾನೂ ಅದಾ ಬಸ್ಸಿನಾಗ ಇದ್ದೆ. ಕರಿ ನಾಯಿ, ಕರುವಿನಷ್ಟಿತ್ತು. ನನ್ನ ಕಣ್ಣಾರೆ ನೋಡೀನ್ರಿ."

ಭೀಮರಾಜ ಹೆಂಡತಿಯ ಕಡೆ ತಿರುಗಿದ. ಆ ದಿನ ಅವಳು ಕೊಟ್ಟೂರಿನ ಮನೆಯಲ್ಲಿ ಹಾಸಿಗೆ ಒಗೆಯುತ್ತಿದ್ದಳು. ಬೆಳಿಗ್ಗೆಯಷ್ಟೇ ಅವನ ಪಕ್ಕದಲ್ಲಿ ಕೂತು ಸುಳ್ಳಾಡುವುದಿಲ್ಲ ಎಂದು ಕೈಮುಗಿದವಳು, ಈಗ ಎವೆಯಿಕ್ಕದೆ, ನಾಯಿಗೆ ಬಣ್ಣವನ್ನೂ ಬಳಿದು ಹೇಳುತ್ತಿದ್ದಳು. ಯಾರಿಗಾಗಿ? ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಆಕಿ ಸುಳ್ಳು ಹೇಳಾಕತ್ತಾಳ್ರಿ ಮೇಡಮ್," ಎಂದ. "ಆಕಿ ಬಸ್ಸಿನಾಗ ಇದ್ದಿಲ್ಲ. ನಾಯಿನೂ ಇದ್ದಿಲ್ಲ."

"ಏನ್ರೀ ನೀವು!" ಮಂಜಮ್ಮ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ. ಇಷ್ಟು ತಿಂಗಳು ಕಟ್ಟಿಟ್ಟುಕೊಂಡದ್ದು ಒಮ್ಮೆಲೇ ಬಂತು.

"ಆ ಬೈಕಿನ ಹುಡುಗ ಬರ್ತಾನ್ರಿ. ರಸ್ತಿ ಖಾಲಿ ಇದ್ರೂ ಬರ್ತಾನ. ಖರೇ ಅನ್ನಂಗ ಬರ್ತಾನ, ಕಾಲು ತಾನಾ ಬ್ರೇಕಿಗೆ ಹೋಗ್ತೈತಿ. ರಾತ್ರಿ ಒದರಿ ಏಳ್ತೀನಿ, ಆಕಿ ನೀರು ಕುಡಿಸಿ ಮಲಗಸ್ತಾಳ. ಸ್ಟೇರಿಂಗ್ ಮುಟ್ಟಿದ್ರ ಕೈ ನಡುಗ್ತಾವು. ಗಟ್ಟಿಗ ಅಂತ ಎಲ್ಲಾರೂ ಅಂದ್ರು. ಇಲ್ಲ ಅನ್ನೋದು ಹೆಂಗ್ರಿ?"

ಅವನು ಅತ್ತ. ಖಾಕಿ ತೊಟ್ಟ ಮನುಷ್ಯ ಹೆಂಡತಿಯ ಮುಂದೆ, ಪರಸ್ಥಳದ ಹೆಣ್ಣುಮಗಳ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ದುರ್ಗಾದೇವಿ ಗಡಿಬಿಡಿ ಮಾಡಲಿಲ್ಲ. ಅಳು ಇಳಿದ ಮೇಲೆ ನೀರಿನ ಲೋಟ ಸರಿಸಿದಳು.

"ಇದು ಹುಚ್ಚಲ್ರಿ. ಅಂಥಾದ್ದು ನೋಡಿದವ್ರಿಗೆ ಹಿಂಗಾಗತೈತಿ. ವಾಸಿ ಮಾಡಬಹುದು. ವಾರಕ್ಕೊಮ್ಮೆ ಬರ್ರಿ, ಮಾತಾಡೂಣು. ಔಷಧ ಬೇಕಾದ್ರ ಡಾಕ್ಟ್ರು ಅದಾರ. ಆಮ್ಯಾಲ ಮತ್ತ ಪರೀಕ್ಷಿ ಮಾಡೂಣು."

"ಮತ್ತ ಸ್ಟೇರಿಂಗ್?" ಎಂದು ಕೇಳಿದವಳು ಮಂಜಮ್ಮ.

"ವರದಿ ನಾನ ಬರಿಬೇಕು. ಅದಕ್ಕಿಂತ ಮೊದಲು ಇವರ ಬಾಯಿಲೆ ಒಂದು ಮಾತು ಕೇಳಬೇಕಾಗೈತಿ." ದುರ್ಗಾದೇವಿ ಭೀಮರಾಜನ ಕಡೆ ನೋಡಿದಳು. "ನಾಳೆ ಮುಂಜಾನಿ ಬಸ್ಸು ಕೊಟ್ರ ಹೊಡೀತೀರಾ?"

ಮಂಜಮ್ಮ ಅವನ ತೋಳನ್ನು ಇನ್ನೂ ಹಿಡಿದೇ ಇದ್ದಳು. ಹೂಂ ಅನ್ನಿ, ಹೂಂ ಅನ್ನಿ ಎಂದು ಅವಳ ಬೆರಳುಗಳೇ ಹೇಳುತ್ತಿದ್ದವು. ಎಲ್ಲಾ ಬರೋಬ್ಬರಿ ಐತ್ರಿ ಎಂಬ ಮಾತು ಅಭ್ಯಾಸಬಲದಿಂದ ಭೀಮರಾಜನ ನಾಲಿಗೆಯ ತುದಿಗೂ ಬಂತು. ಅವನು ಹೆಂಡತಿಯ ಮುಖ ನೋಡಿದ.

"ಈಕಿ ಖರೇನಾ ಆ ಬಸ್ಸಿನಾಗ ಕುಂತಿದ್ಲು ಅಂತ ತಿಳಕೊಳ್ರಿ," ಎಂದ ನಿಧಾನವಾಗಿ. "ಬಿದ್ದು ಕೈ ಮುರಕೊಂಡಾಕಿ ಈಕಿನ ಆಗಿರ್ತಿದ್ಲು. ನಾ ಈಗ ಇದ್ದಂಗ ಇದ್ರ, ಈಕಿನ್ನ ಕುಂದ್ರಿಸ್ಕೊಂಡು ಬಸ್ ಹೊಡಿಯಂಗಿಲ್ರಿ. ಬ್ಯಾಡ್ರಿ."

ಮಂಜಮ್ಮನ ಕೈ ಸಡಿಲಾಯಿತು. ದುರ್ಗಾದೇವಿ ಹಾಳೆ ಎಳೆದುಕೊಂಡು ವರದಿ ಬರೆಯತೊಡಗಿದಳು.